ಕೃಷಿ ಅಧಿಕಾರಿಯ ದಿನಗಳ ಲೆಕ್ಕ ರೈತನಿಗೂ ಗೊತ್ತಿರಲಿ

ಕಳೆದ ವರ್ಷ ಮುಂಗಾರಿಗೆ ಮೊದಲು ಅಕ್ಕಿಆಲೂರು ಹೋಬಳಿಯ ಒಂದು ಹಳ್ಳಿಯ ವಾಚನಾಲಯದಲ್ಲಿ ಬೀಜೋಪಚಾರದ ಬಗ್ಗೆ ನಾಲ್ಕು ಮಾತು ಹೇಳಲು ಹೋಗಿದ್ದೆ. ಮಾತು ಮುಗಿದು ಚಹಾ ಬರುವಷ್ಟರಲ್ಲಿ, ಮೂಲೆಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಕೇಳಿದರು: "ಸಾಹೇಬ್ರ, ಒಂದು ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಕೃಷಿ ಆಫೀಸರನ್ನ ಹುಡುಕ್ಕೊಂಡು ಕಚೇರಿಗೆ ಹೋದ್ರ ಹೊಲದ ಕಡೆ ಹೋಗ್ಯಾರ ಅಂತಾರ. ಹೊಲದಾಗ ಕಾದ್ರ ಮೀಟಿಂಗಿಗೆ ಹೋಗ್ಯಾರ ಅಂತಾರ. ಹಂಗಾದ್ರ ನೀವು ಇರೋದು ಎಲ್ಲಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಬೈಕು ಹತ್ತಿ ಮನೆಗೆ ಬರುವ ದಾರಿಯಲ್ಲಿ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ರಾತ್ರಿ ನನ್ನ ಪ್ರವಾಸ ದಿನಚರಿಯನ್ನು ತೆಗೆದು ಹಿಂದಿನ ವರ್ಷದ ಜೂನ್ ತಿಂಗಳ ಪುಟಗಳನ್ನು ತಿರುವಿದೆ. ಬಿತ್ತನೆಯ ತಿಂಗಳು ಅದು. ರೈತನಿಗೆ ಸಲಹೆ ಬೇಕಾಗುವುದೇ ಆಗ. ಬೀಜ ವಿತರಣೆಯ ಸಾಲಿನ ಮುಂದೆ ಕುಳಿತ ದಿನಗಳು, ಸಭೆಗಳು, ಹಿಂದಿನ ಸಾಲಿನ ಸಹಾಯಧನದ ಸಾಮಗ್ರಿಯ ಫೋಟೋ ತೆಗೆಯಲು ಓಡಾಡಿದ ದಿನಗಳು, ಕಂಪ್ಯೂಟರಿಗೆ ಅಂಕಿ ಅಂಶ ತುಂಬಿದ ದಿನಗಳು, ಇವನ್ನೆಲ್ಲ ಬದಿಗಿಟ್ಟು ನಿಜವಾಗಿ ಬೆಳೆಯ ಮಧ್ಯೆ ನಿಂತು ರೈತನ ಜೊತೆ ಮಾತನಾಡಿದ ದಿನಗಳನ್ನು ಎಣಿಸಿದೆ. ಒಂದು ಕೈಯ ಬೆರಳು ದಾಟಲಿಲ್ಲ. ಹಿರಿಯರ ಪ್ರಶ್ನೆಗೆ ನನ್ನ ದಿನಚರಿಯಲ್ಲೇ ಉತ್ತರವಿತ್ತು.

ಈ ಲೇಖನ ಬರೆಯುತ್ತಿರುವುದು ನನ್ನ ಕಷ್ಟ ತೋಡಿಕೊಳ್ಳಲು ಅಲ್ಲ. ಸಂಬಳ ಪಡೆಯುವವನ ಕಷ್ಟವನ್ನು ಸಾಲ ಮಾಡಿ ಬಿತ್ತುವವನು ಏಕೆ ಕೇಳಬೇಕು? ಆದರೆ ಕೃಷಿ ಅಧಿಕಾರಿಯ ದಿನ ಎಂಬುದು ರೈತನ ಪಾಲಿಗೂ ಒಂದು ಪರಿಕರವೇ. ಬೀಜ, ಗೊಬ್ಬರ, ನೀರು ಇದ್ದ ಹಾಗೆ. ಅದು ಎಷ್ಟಿದೆ, ಎಲ್ಲಿಗೆ ಹರಿದು ಹೋಗುತ್ತಿದೆ ಎಂಬುದು ರೈತನಿಗೆ ಗೊತ್ತಿರಬೇಕು. ಕಾಲುವೆಯ ನೀರು ಕೊನೆಯ ಹೊಲಕ್ಕೆ ಬರದಿದ್ದರೆ ಮೇಲಿನವರನ್ನು ಕೇಳುತ್ತೀರಿ. ಅಧಿಕಾರಿಯ ದಿನ ನಿಮ್ಮ ಹೊಲಕ್ಕೆ ಬರದಿದ್ದರೆ ಯಾರೂ ಕೇಳುವುದಿಲ್ಲ. ಏಕೆಂದರೆ ಅದರ ಸರದಿಯ ಪಟ್ಟಿ ಯಾರ ಕೈಯಲ್ಲೂ ಇಲ್ಲ.

ಮೊದಲು ಇರುವ ದಿನಗಳನ್ನು ಎಣಿಸೋಣ. ವರ್ಷದ 365 ದಿನಗಳಲ್ಲಿ 52 ಭಾನುವಾರ, ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು 24. ಹಬ್ಬ ಹರಿದಿನ, ಸ್ವಂತದ ರಜೆ ಕಳೆದರೆ ಉಳಿಯುವುದು ಹೆಚ್ಚು ಕಡಿಮೆ 250 ದಿನ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುಮಾರು 90. ಒಂದು ಹೋಬಳಿಯಲ್ಲಿ ಮೂವತ್ತು ಹಳ್ಳಿಗಳಿವೆ ಎಂದಿಟ್ಟುಕೊಳ್ಳಿ. ಒಬ್ಬ ಅಧಿಕಾರಿ ಬೇರೆ ಯಾವ ಕೆಲಸವನ್ನೂ ಮುಟ್ಟದೆ ದಿನವೂ ಹೊಲಕ್ಕೇ ಹೋದರೂ ಇಡೀ ಮುಂಗಾರಿಗೆ ಒಂದು ಹಳ್ಳಿಗೆ ಮೂರು ದಿನ. ಆ ಮೂರರಲ್ಲಿ ಯೋಜನೆಗಳ ಕೆಲಸ ಎಷ್ಟು ತಿನ್ನುತ್ತದೆ ಎಂಬುದನ್ನು ನೀವೇ ಊಹಿಸಬಹುದು.

2003ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಸಂಸ್ಥೆಯವರು ದೇಶದ ರೈತ ಕುಟುಂಬಗಳನ್ನು, ಹೊಸ ಬೇಸಾಯ ಕ್ರಮಗಳ ಮಾಹಿತಿ ನಿಮಗೆ ಯಾರಿಂದ ಸಿಗುತ್ತದೆ ಎಂದು ಕೇಳಿ ನೋಡಿದರು. ವಿಸ್ತರಣಾ ಕಾರ್ಯಕರ್ತರಿಂದ ಎಂದವರು ನೂರಕ್ಕೆ ಆರಕ್ಕಿಂತಲೂ ಕಡಿಮೆ. ಗೊಬ್ಬರ, ಔಷಧಿ ಅಂಗಡಿಯವರಿಂದ ಎಂದವರು ನೂರಕ್ಕೆ ಹದಿಮೂರು. ಅಂಗಡಿಯವನು ಮಾರುವವನು, ಅವನ ಸಲಹೆಗೆ ಡಬ್ಬಿಯ ವಾಸನೆ ಇದ್ದೇ ಇರುತ್ತದೆ. ಆದರೆ ಅವನಲ್ಲಿ ನಮ್ಮಲ್ಲಿಲ್ಲದ ಒಂದು ಗುಣವಿದೆ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಅವನು ಅಲ್ಲಿರುತ್ತಾನೆ.

ದಿನ ಗೊತ್ತು ಮಾಡಿದ ಕಾಲ

ವಾಚನಾಲಯದ ಹಿರಿಯ ಓದುಗರಿಗೆ ಗ್ರಾಮಸೇವಕರ ನೆನಪು ಇರಬಹುದು. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದಾಗ ಹಳ್ಳಿಗೆ ಬಂದವರು ಅವರು. ಬೇಸಾಯ, ದನಕರು, ನೈರ್ಮಲ್ಯ, ರಸ್ತೆ, ಶಾಲೆ, ಎಲ್ಲವೂ ಅವರ ತಲೆಯ ಮೇಲೆ. ಎಲ್ಲ ಇಲಾಖೆಗೂ ಅವರು ಬೇಕು, ಅವರ ದಿನಕ್ಕೆ ಮಾತ್ರ ಯಜಮಾನರಿಲ್ಲ. ಯಾರು ಮೊದಲು ಕರೆದರೋ ಅವರ ಕಡೆ ಓಟ.

ಇದನ್ನು ಕಂಡೇ ಇಸ್ರೇಲಿನ ಡೇನಿಯಲ್ ಬೆನೋರ್ ಎಂಬವರು ರೂಪಿಸಿದ 'ತರಬೇತಿ ಮತ್ತು ಭೇಟಿ' ಪದ್ಧತಿಯನ್ನು ವಿಶ್ವಬ್ಯಾಂಕಿನ ನೆರವಿನಿಂದ ನಮ್ಮ ದೇಶ ಎತ್ತಿಕೊಂಡಿತು. 1974ರಲ್ಲಿ ಚಂಬಲ್ ಅಚ್ಚುಕಟ್ಟಿನಲ್ಲಿ ಆರಂಭವಾಗಿ, ಎಪ್ಪತ್ತರ ದಶಕದ ಕೊನೆಗೆ ಕರ್ನಾಟಕಕ್ಕೂ ಬಂತು. ಅದರ ತಿರುಳು ಬಹಳ ಸರಳ. ಹಳ್ಳಿಯ ಕೃಷಿ ಕಾರ್ಯಕರ್ತನ ಹೊಲಗಳನ್ನು ಎಂಟು ಗುಂಪು ಮಾಡಬೇಕು. ಹದಿನೈದು ದಿನಕ್ಕೊಮ್ಮೆ, ಗೊತ್ತು ಮಾಡಿದ ವಾರ, ಗೊತ್ತು ಮಾಡಿದ ದಿನ ಪ್ರತಿ ಗುಂಪಿಗೂ ಅವನು ಹೋಗಲೇಬೇಕು. ನಡುವೆ ಒಂದು ದಿನ ಅವನಿಗೇ ತರಬೇತಿ: ಮುಂದಿನ ಎರಡು ವಾರ ಯಾವ ಬೆಳೆಯಲ್ಲಿ ಏನು ಹೇಳಬೇಕು ಎಂಬುದು. ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಬೀಜ ಗೊಬ್ಬರ ಹಂಚುವುದು, ಸಾಲ ವಸೂಲಿ, ಅಂಕಿ ಅಂಶ ಸಂಗ್ರಹ, ಇಂತಹ ಯಾವ ಕೆಲಸವನ್ನೂ ಅವನಿಗೆ ಹಚ್ಚಕೂಡದು ಎಂಬುದು ಆ ಪದ್ಧತಿಯ ನಿಯಮ.

ನಾನು ಕಾಲೇಜಿನಲ್ಲಿ ಬಿ.ಎಸ್ಸಿ. ಕೃಷಿ ಓದುವಾಗ ಇದು ಪಠ್ಯಪುಸ್ತಕದ ಪಾಠವಾಗಿತ್ತು. ನೌಕರಿಗೆ ಸೇರಿದ ಮೇಲೆ ಆ ಕಾಲದಲ್ಲಿ ಕೃಷಿ ಸಹಾಯಕರಾಗಿ ದುಡಿದ ಹಿರಿಯರು ಹೇಳುತ್ತಿದ್ದರು: ಸೈಕಲ್ಲಿನ ಮೇಲೆ ಹೋಗುತ್ತಿದ್ದೆವು, ಹೋಗದಿದ್ದರೆ ಮರುದಿನ ಸಂತೆಯಲ್ಲಿ ರೈತರೇ ಹಿಡಿದು ಕೇಳುತ್ತಿದ್ದರು, ನಿನ್ನೆ ನಮ್ಮ ಪಾಳಿ ಇತ್ತಲ್ಲ ಎಂದು. ಮೇಲಧಿಕಾರಿಯ ತಪಾಸಣೆಗಿಂತ ಆ ಪ್ರಶ್ನೆಯೇ ಹೆಚ್ಚು ಕೆಲಸ ಮಾಡಿತ್ತು.

ಹಾಗೆಂದು ಅದು ರಾಮರಾಜ್ಯವಾಗಿತ್ತು ಎಂದು ನಾನು ಹೇಳುವುದಿಲ್ಲ. ಸಂಪರ್ಕ ರೈತರೆಂದು ಆರಿಸಿದವರು ಬಹುಮಟ್ಟಿಗೆ ಊರಿನ ದೊಡ್ಡ ಹಿಡುವಳಿದಾರರು. ಅವರಿಂದ ಮಾತು ಕೆಳಗಿನ ಓಣಿಗೆ ಇಳಿಯಲೇ ಇಲ್ಲ. ಮೇಲಿನಿಂದ ಬಂದ ಸಂದೇಶ ಹಾನಗಲ್ಲಿಗೂ ಒಂದೇ, ಸವಣೂರಿಗೂ ಒಂದೇ. ಹಾನಗಲ್ಲಿನ ಮಲೆನಾಡಿನ ಸೆರಗಿನಲ್ಲಿ ಕೂರಿಗೆ ಭತ್ತ, ಸವಣೂರಿನ ಕರಿ ಎರೆಯಲ್ಲಿ ಮೆಣಸಿನಕಾಯಿ ಮತ್ತು ಹತ್ತಿ. ಎರಡಕ್ಕೂ ಒಂದೇ ಹಾಳೆ ಓದಿದರೆ ಯಾರು ಕೇಳುತ್ತಾರೆ? ತೊಂಬತ್ತರ ದಶಕದಲ್ಲಿ ಹೊರಗಿನ ಹಣ ನಿಂತಿತು, ಪದ್ಧತಿಯೂ ಸಡಿಲಾಯಿತು. ತಪ್ಪುಗಳ ಜೊತೆಗೆ ಆ ಗೊತ್ತಾದ ದಿನವೂ ಹೋಯಿತು. ಕಳೆ ಕೀಳಲು ಹೋಗಿ ಪೈರನ್ನೂ ಕಿತ್ತ ಹಾಗೆ.

ಒಂದು ದಿನ, ನಾಲ್ಕು ಖಾತೆ

ಆಮೇಲೆ ಬಂದದ್ದು ಯೋಜನೆಗಳ ಕಾಲ. 2000ದಲ್ಲಿ ರಾಜ್ಯ ಸರ್ಕಾರ ಹೋಬಳಿ ಮಟ್ಟದಲ್ಲಿ ರೈತ ಸಂಪರ್ಕ ಕೇಂದ್ರಗಳನ್ನು ತೆರೆಯಿತು. ಇದು ಒಳ್ಳೆಯ ಕೆಲಸ. ತಾಲೂಕಿಗೆ ಅಲೆಯುವುದು ತಪ್ಪಿತು. 2005ರಲ್ಲಿ ಆತ್ಮ ಯೋಜನೆ ವಿಸ್ತಾರಗೊಂಡಿತು, 2007ರಲ್ಲಿ ಆಹಾರ ಭದ್ರತಾ ಅಭಿಯಾನ, 2009ರಲ್ಲಿ ಭೂಚೇತನ, 2014ರಲ್ಲಿ ಕೃಷಿಭಾಗ್ಯ, 2015ರಲ್ಲಿ ಮಣ್ಣು ಆರೋಗ್ಯ ಚೀಟಿ, 2016ರಲ್ಲಿ ಫಸಲ್ ಬಿಮಾ, 2019ರಲ್ಲಿ ಕಿಸಾನ್ ಸಮ್ಮಾನ್. ನಡುವೆ ತುಂತುರು ನೀರಾವರಿ, ಯಂತ್ರೋಪಕರಣ, ಬೆಳೆ ಸಮೀಕ್ಷೆ. ಇವುಗಳಲ್ಲಿ ಬೇಡವಾದದ್ದು ಯಾವುದು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಭೂಚೇತನದಿಂದಲೇ ಎಷ್ಟೋ ಊರುಗಳಲ್ಲಿ ಸತು, ಬೋರಾನ್ ಎಂಬ ಹೆಸರುಗಳು ರೈತರ ಬಾಯಿಗೆ ಬಂದವು.

ತೊಂದರೆ ಇರುವುದು ಬೇರೆ ಕಡೆ. ಪ್ರತಿಯೊಂದು ಯೋಜನೆಯನ್ನು ರೂಪಿಸುವವರು ಹಣ ಎಷ್ಟು, ಸಾಮಗ್ರಿ ಎಷ್ಟು, ಗುರಿ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಹೋಬಳಿಯ ಮಟ್ಟದಲ್ಲಿ ಇದಕ್ಕೆ ಎಷ್ಟು ಮನುಷ್ಯ ದಿನ ಬೇಕು, ಆ ದಿನಗಳನ್ನು ಯಾವ ಕೆಲಸದಿಂದ ಕಡಿದು ತರಬೇಕು ಎಂದು ಲೆಕ್ಕ ಹಾಕಿದ್ದನ್ನು ನಾನು ನೋಡಿಲ್ಲ. ಪ್ರತಿ ಯೋಜನೆಯೂ ಅಧಿಕಾರಿಯ ಪೂರ್ತಿ ದಿನ ತನ್ನದೇ ಎಂದು ತಿಳಿದುಕೊಂಡಿದೆ. ಒಂದೇ ಜೋಡೆತ್ತನ್ನು ನಾಲ್ಕು ಮನೆಯವರು ಒಂದೇ ಮುಂಜಾನೆಗೆ ಮಾತಾಡಿಟ್ಟ ಹಾಗೆ.

ಹಳ್ಳಿಯಲ್ಲಿ ಹಾಗೆ ಮಾಡುತ್ತೇವೆಯೇ? ಮುಯ್ಯಿ ಪದ್ಧತಿಯಲ್ಲಿ ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ ಎಂದು ಮೊದಲೇ ಮಾತಾಗಿರುತ್ತದೆ. ಈಗಿನ ಟ್ರ್ಯಾಕ್ಟರ್ ಮಾಲೀಕನ ಜೇಬಿನಲ್ಲೂ ಬಿತ್ತನೆಯ ವಾರದ ಪಟ್ಟಿ ಇರುತ್ತದೆ. ಯಾರ ಹೊಲ ಮೊದಲು ಹದಕ್ಕೆ ಬರುತ್ತದೋ ಅವರದು ಮೊದಲು. ನಮ್ಮ ಕಚೇರಿಗಳಲ್ಲಿ ಮಾತ್ರ ಯಾರ ಫೋನು ಮೊದಲು ಬರುತ್ತದೋ ಅವರದು ಮೊದಲು.

ಇನ್ನು ವರದಿಯ ಮಾತು. ಇಲ್ಲಿ ನಾನು ತಪ್ಪೊಪ್ಪಿಕೊಳ್ಳಬೇಕು. ಒಂದು ದಿನ ಒಂದು ಹಳ್ಳಿಗೆ ಹೋಗಿ ಇಪ್ಪತ್ತು ಜನ ರೈತರನ್ನು ಕೂಡಿಸಿ ಮಾತನಾಡಿದೆ ಎಂದುಕೊಳ್ಳಿ. ಅದೇ ಸಭೆ ಒಂದು ಯೋಜನೆಯ ವರದಿಯಲ್ಲಿ ರೈತ ತರಬೇತಿ, ಇನ್ನೊಂದರಲ್ಲಿ ಕ್ಷೇತ್ರ ಭೇಟಿ, ಮತ್ತೊಂದರಲ್ಲಿ ವಿಮೆ ಜಾಗೃತಿ ಕಾರ್ಯಕ್ರಮ, ಮಗದೊಂದರಲ್ಲಿ ಮಣ್ಣು ಪರೀಕ್ಷೆಯ ಪ್ರಚಾರ. ಬ್ಯಾನರು ಬದಲಿಸಿ ನಾಲ್ಕು ಫೋಟೋ. ಒಂದು ಎಕರೆ ಹೊಲದಲ್ಲಿ ಅಕ್ಕಡಿ ಸಾಲು ಸೇರಿ ನಾಲ್ಕು ಬೆಳೆ ಬಿತ್ತಿ, ನಾಲ್ಕು ಎಕರೆ ಬಿತ್ತಿದ್ದೇನೆ ಎಂದು ಬರೆಸಿದ ಹಾಗೆ. ಇದನ್ನು ನಾನು ಮಾಡಿದ್ದೇನೆ. ಇದರಲ್ಲಿ ಒಂದು ರೂಪಾಯಿಯ ಮೋಸವೂ ಇಲ್ಲ, ರೈತರು ಬಂದದ್ದು ನಿಜ, ಮಾತನಾಡಿದ್ದು ನಿಜ. ಸುಳ್ಳಾದದ್ದು ದಿನದ ಲೆಕ್ಕ ಮಾತ್ರ.

ದಿನದ ಲೆಕ್ಕ ತಾನೆ, ಸುಳ್ಳಾದರೆ ಏನಾಯಿತು ಎನ್ನಬೇಡಿ. ಮೇಲೆ ಕುಳಿತವರು ನಾಲ್ಕೂ ವರದಿ ನೋಡಿ, ಕೆಲಸ ಚೆನ್ನಾಗಿ ನಡೆದಿದೆ, ಸಿಬ್ಬಂದಿ ಸಾಕಷ್ಟಿದೆ ಎಂದು ತಿಳಿಯುತ್ತಾರೆ. ಮುಂದಿನ ವರ್ಷ ಐದನೆಯ ಯೋಜನೆ ಬರುತ್ತದೆ. ಹುದ್ದೆ ಖಾಲಿ ಬಿದ್ದರೂ ಆತುರವಿಲ್ಲ, ಹೇಗೂ ಕೆಲಸ ಆಗುತ್ತಿದೆಯಲ್ಲ! ಸಿಬ್ಬಂದಿ ಸಾಲದು ಎಂದು ನಾವು ಬಾಯಿಯಲ್ಲಿ ಹೇಳುತ್ತೇವೆ, ಸಾಕಷ್ಟಿದೆ ಎಂದು ಕಾಗದದಲ್ಲಿ ಬರೆದುಕೊಡುತ್ತೇವೆ. ಕಾಗದವೇ ಗೆಲ್ಲುತ್ತದೆ.

ಸುಳಿಯೊಳಗಿನ ಹುಳು ಕಾಯಲಿಲ್ಲ

ದಿನ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2018ರಲ್ಲಿ ನಾನು ಕಣ್ಣಾರೆ ಕಂಡೆ. ಆಗ ನಾನಿದ್ದದ್ದು ಬೇರೊಂದು ಕಡೆ. ಆ ವರ್ಷದ ಮೇ ತಿಂಗಳಲ್ಲಿ ನಮ್ಮ ಪಕ್ಕದ ಶಿವಮೊಗ್ಗದ ಗೋವಿನಜೋಳದ ಹೊಲಗಳಲ್ಲಿ ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲೇ ಮೊದಲ ಬಾರಿಗೆ ಕಂಡುಬಂತು. ನಮ್ಮ ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳ ಎಷ್ಟು ದೊಡ್ಡ ಬೆಳೆ ಎಂಬುದು ಹಿರೇಕೆರೂರು, ಶಿಗ್ಗಾಂವಿ ಕಡೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಈ ಹುಳುವಿನ ಗುಟ್ಟು ಇರುವುದು ದಿನಗಳಲ್ಲಿ. ಪತಂಗ ಎಲೆಯ ಮೇಲೆ ಗುಂಪಾಗಿ ಮೊಟ್ಟೆ ಇಡುತ್ತದೆ, ಎರಡು ಮೂರು ದಿನಕ್ಕೆ ಮರಿ ಹೊರಬರುತ್ತದೆ. ಮರಿ ಚಿಕ್ಕದಿರುವಾಗ ಎಲೆಯ ಹಸಿರನ್ನು ಕೆರೆದು ತಿನ್ನುತ್ತದೆ, ಎಲೆಯ ಮೇಲೆ ಬಿಳಿ ಕಿಟಕಿಯಂತೆ ಮಚ್ಚೆ ಕಾಣುತ್ತದೆ. ಆಗ ಔಷಧಿ ಸುಲಭವಾಗಿ ತಾಗುತ್ತದೆ. ವಾರ ಹತ್ತು ದಿನ ಕಳೆದರೆ ಹುಳು ಸುಳಿಯೊಳಗೆ ಇಳಿದು, ತನ್ನ ಹಿಕ್ಕೆಯಿಂದಲೇ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಆಮೇಲೆ ಎಷ್ಟು ಸಿಂಪಡಿಸಿದರೂ ಔಷಧಿ ಹರಿದು ಹೋಗುವುದು ನೆಲಕ್ಕೆ. ಬಿತ್ತಿದ ಮೊದಲ ತಿಂಗಳಿನಲ್ಲಿ ವಾರಕ್ಕೆರಡು ಸಲ ಸಾಲಿನಲ್ಲಿ ನಡೆದು ನೋಡಬೇಕು, ಮಚ್ಚೆ ಕಂಡ ಕೂಡಲೇ ಲೀಟರ್ ನೀರಿಗೆ 0.4 ಗ್ರಾಂ ಇಮಾಮೆಕ್ಟಿನ್ ಬೆಂಜೋಯೇಟ್ ಬೆರೆಸಿ ಸಂಜೆಯ ಹೊತ್ತು ಸುಳಿಗೆ ಬೀಳುವಂತೆ ಹೊಡೆಯಬೇಕು. ಇದು ಈಗ ಎಲ್ಲರಿಗೂ ಗೊತ್ತು. ಆಗ ಯಾರಿಗೂ ಗೊತ್ತಿರಲಿಲ್ಲ. ಎಂದಿನ ಕಾಂಡಕೊರಕ ಎಂದೇ ತಿಳಿದರು.

ಒಬ್ಬ ರೈತರು ನನಗೆ ಸೋಮವಾರ ಫೋನು ಮಾಡಿದರು: ಎಲೆ ಮೇಲೆ ಬಿಳಿ ಕಲೆ ಬಿದ್ದಾವ, ಬಂದು ನೋಡ್ರಿ. ಆ ವಾರ ಒಂದು ಯೋಜನೆಯ ಬಾಕಿ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿ ಮುಗಿಸಲು ಕಡೆಯ ದಿನ. ಅದರ ಬೆನ್ನಿಗೆ ಇನ್ನೊಂದು ಯೋಜನೆಯ ಪ್ರಗತಿ ಪರಿಶೀಲನಾ ಸಭೆ, ಅದಕ್ಕೆ ಮತ್ತೊಂದು ನಮೂನೆಯಲ್ಲಿ ಅವೇ ಅಂಕಿಗಳು. ನಾನು ಹೋದದ್ದು ಒಂಬತ್ತನೆಯ ದಿನ. ಹುಳು ಸುಳಿಯೊಳಗೆ ಇಳಿದಾಗಿತ್ತು. ಅಷ್ಟರೊಳಗೆ ಅವರು ಅಂಗಡಿಯವನು ಕೊಟ್ಟ ಎರಡು ಔಷಧಿಗಳನ್ನು ಎರಡು ಸಲ ಹೊಡೆದು, ಕೂಲಿಯನ್ನೂ ಕೊಟ್ಟು ಮುಗಿಸಿದ್ದರು. ಅವರು ನನ್ನನ್ನು ಬೈಯಲಿಲ್ಲ. "ಬರ್ರಿ, ನೀರು ಕುಡೀರಿ" ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ವಾರದ ನನ್ನ ವರದಿಗಳೆಲ್ಲವೂ ವೇಳೆಗೆ ಸರಿಯಾಗಿ ಹೋಗಿದ್ದವು. ಯಾವ ನಮೂನೆಯಲ್ಲೂ, ಯಾವ ಕಲಮಿನಲ್ಲೂ, ಕರೆದಾಗ ಹೋಗಲಾಗದ ಹೊಲ ಎಂಬುದಕ್ಕೆ ಜಾಗವಿರಲಿಲ್ಲ.

ವಿಮೆಯ ಬೆಳೆ ಕಟಾವು ಪ್ರಯೋಗದಲ್ಲೂ ಇದೇ ಕಥೆ. ಗ್ರಾಮ ಪಂಚಾಯಿತಿಯಲ್ಲಿ ಲಾಟರಿಯಂತೆ ಆರಿಸಿದ ಸರ್ವೆ ನಂಬರುಗಳಲ್ಲಿ 5 ಮೀಟರ್ ಉದ್ದ 5 ಮೀಟರ್ ಅಗಲದ ತುಂಡನ್ನು ಕೊಯ್ದು ತೂಗುತ್ತೇವೆ. ಆ ಕೆಲವು ತುಂಡುಗಳ ಇಳುವರಿಯ ಮೇಲೆ ಇಡೀ ಪಂಚಾಯಿತಿಯ ರೈತರ ಪರಿಹಾರ ನಿಂತಿದೆ. ಕೊಯ್ಲಿನ ದಿನವನ್ನು ಗೊತ್ತು ಮಾಡುವುದು ಬೆಳೆ, ನಾವಲ್ಲ. ಭತ್ತ ಒಣಗಿ ನಿಂತಿದೆ, ಮೋಡ ಕಟ್ಟಿದೆ, ಕೊಯ್ಯುವ ಯಂತ್ರ ಊರಿಗೆ ಬಂದು ನಿಂತಿದೆ. ಅಂದೇ ನಮಗೆ ಬೇರೆ ಕಡೆ ಕರೆ ಬಂದರೆ ರೈತ ಏನು ಮಾಡಬೇಕು? ಕಾಯ್ದರೆ ಕಾಳು ಉದುರುತ್ತದೆ, ಕೊಯ್ದರೆ ಪ್ರಯೋಗ ತಪ್ಪುತ್ತದೆ. ಈ ಕೆಲಸದಲ್ಲಿ ಕಂದಾಯ, ಪಂಚಾಯಿತಿ, ಕೃಷಿ ಮೂರೂ ಕಡೆಯ ಸಿಬ್ಬಂದಿ ಇದ್ದಾರೆ. ಮೂವರ ದಿನಗಳೂ ಬೇರೆ ಬೇರೆ ಪುಸ್ತಕದಲ್ಲಿವೆ.

ಒಂದೇ ಪಂಚಾಂಗ ಬೇಕು

ನನ್ನ ಅಭಿಪ್ರಾಯ ಇಷ್ಟೇ. ಯೋಜನೆಗೊಂದು ಕಾರ್ಯಪಟ್ಟಿ ಮಾಡುವುದನ್ನು ಬಿಟ್ಟು, ಹೋಬಳಿಗೆ ಒಂದೇ ಪಂಚಾಂಗ ಮಾಡಬೇಕು. ಅದರಲ್ಲಿ ಮೊದಲು ಬರೆಯಬೇಕಾದದ್ದು ಬೆಳೆಯ ಅಪಾಯದ ವಾರಗಳನ್ನು. ಯೋಜನೆಗಳು ಉಳಿದ ಜಾಗದಲ್ಲಿ ಕೂರಲಿ. ನಮ್ಮ ರೈತರಿಗೆ ಇದು ಹೊಸದಲ್ಲ, ಮಳೆ ನಕ್ಷತ್ರದ ಮೇಲೆ ಬೇಸಾಯ ಮಾಡಿದವರು. ಹಾನಗಲ್ಲಿನ ಕಡೆ ರೋಹಿಣಿಯಲ್ಲಿ ಕೂರಿಗೆ ಭತ್ತ. ಮೃಗಶಿರದಲ್ಲಿ ಗೋವಿನಜೋಳ. ಆರಿದ್ರಾ, ಪುನರ್ವಸು ಎರಡು ಮಳೆಗಳಲ್ಲಿ ಗೋವಿನಜೋಳಕ್ಕೆ ಸೈನಿಕ ಹುಳು. ಅದೇ ಹೊತ್ತಿಗೆ ಕೂರಿಗೆ ಭತ್ತ ಹಳದಿಯಾಗುತ್ತದೆ. ಬಹಳ ಸಲ ಅದು ಕಬ್ಬಿಣದ ಕೊರತೆ. ರೈತರು ಸಾರಜನಕ ಸಾಲದೆಂದು ಯೂರಿಯಾ ಎರಚುತ್ತಾರೆ, ಹಣವೂ ಹೋಯಿತು, ಹಳದಿಯೂ ಹೋಗಲಿಲ್ಲ. ಅಧಿಕಾರಿ ಆ ಎರಡು ವಾರ ಹೊಲದಲ್ಲಿದ್ದರೆ ಒಂದು ಮಾತಿನಲ್ಲಿ ಮುಗಿಯುವ ಕೆಲಸ. ಸವಣೂರಿನವರ ಪಂಚಾಂಗ ಬೇರೆಯಾಗುತ್ತದೆ: ಅಲ್ಲಿ ಹತ್ತಿ ಹೂ ಬಿಡುವ ಹೊತ್ತಿಗೆ ಗುಲಾಬಿ ಕಾಯಿಕೊರಕದ ಮೋಹಕ ಬಲೆ ನೋಡುವ ವಾರಗಳು, ಮೆಣಸಿನಕಾಯಿಗೆ ಮುಟುರು ರೋಗ ಕಾಣುವ ವಾರಗಳು. ಆದುದರಿಂದ ಇದನ್ನು ಜಿಲ್ಲೆಗೆ ಒಂದೇ ಆಗಿ ಅಚ್ಚು ಹಾಕಿಸಿದರೆ ಮತ್ತೆ ಹಳೆಯ ತಪ್ಪೇ.

ಹೀಗೆ ಗುರುತು ಮಾಡಿದ ವಾರಗಳಲ್ಲಿ ಸಭೆ ಕರೆಯಕೂಡದು, ಫೋಟೋ ಪರಿಶೀಲನೆಯ ಗಡುವು ಇಡಕೂಡದು. ಹಿಂದಿನ ಸಾಲಿನ ತಾಡಪಾಲು, ಪೈಪುಗಳ ಪರಿಶೀಲನೆಯನ್ನು ಫೆಬ್ರವರಿಯಲ್ಲಿ ಮಾಡಿದರೆ ಯಾರ ಗಂಟು ಹೋಗುತ್ತದೆ? ಪೈಪಿಗೆ ಹುಳು ಬೀಳುವುದಿಲ್ಲ. ಬೀಜ ಹಂಚುವ ಸಾಲಿನಲ್ಲಿ ಬಿ.ಎಸ್ಸಿ. ಓದಿದವನು ಕುಳಿತು ರಸೀತಿ ಹರಿಯುವುದೂ ನನಗೆ ಸರಿ ಕಾಣುವುದಿಲ್ಲ. ಆ ದಿನಗಳಿಗೆ ಲೆಕ್ಕ ಬಲ್ಲ ತಾತ್ಕಾಲಿಕ ಸಹಾಯಕರು ಸಾಕು. ಈ ಮಾತು ನಮ್ಮವರಲ್ಲೇ ಕೆಲವರಿಗೆ ಹಿಡಿಸಲಿಕ್ಕಿಲ್ಲ, ಇರಲಿ.

ವಾರದಲ್ಲಿ ಒಂದು ದಿನವನ್ನು ಯಾವುದಕ್ಕೂ ಕೊಡದೆ ಖಾಲಿ ಇಡಬೇಕು. ಮಳೆ ಪಂಚಾಂಗ ಓದಿ ಬರುವುದಿಲ್ಲ, ಹುಳುವೂ ಅಷ್ಟೇ. ಸೋಮವಾರ ಫೋನು ಬಂದರೆ ಆ ಖಾಲಿ ದಿನ ಹೋಗಬಹುದು. ಫೋನು ಬರದಿದ್ದರೆ ಆ ದಿನ ಕಾಗದ ಪತ್ರ ಮುಗಿಸಬಹುದು. ಖಾಲಿ ದಿನ ಎಂದರೆ ಮೇಲಿನವರಿಗೆ ಸೋಮಾರಿತನ ಎನಿಸುತ್ತದೆ. ಕೂರಿಗೆಯ ಜೊತೆ ಒಂದು ಹೆಚ್ಚಿನ ತಾಳು ಇಟ್ಟುಕೊಂಡು ಹೋಗುವ ರೈತನನ್ನು ಯಾರೂ ದುಂದುಗಾರ ಎನ್ನುವುದಿಲ್ಲ.

ವರದಿಯೂ ಒಂದೇ ಇರಬೇಕು. ಅಧಿಕಾರಿ ದಿನದ ಕೊನೆಗೆ ಒಂದು ಪುಟ ಬರೆಯಲಿ: ಎಷ್ಟು ತಾಸು ಹೊಲದಲ್ಲಿ, ಎಷ್ಟು ತಾಸು ಸಭೆಯಲ್ಲಿ, ಎಷ್ಟು ತಾಸು ಕಂಪ್ಯೂಟರಿನ ಮುಂದೆ, ಎಷ್ಟು ತಾಸು ದಾರಿಯಲ್ಲಿ. ಯಾವ ಯೋಜನೆಗೆ ಎಷ್ಟು ಎಂದು ಅದರಲ್ಲೇ ಹಂಚಲಿ, ಒಟ್ಟು ಸೇರಿದರೆ ಒಂದೇ ದಿನ ಆಗಬೇಕು, ನಾಲ್ಕಾಗಕೂಡದು. ಎಲ್ಲ ಯೋಜನೆಯವರೂ ತಮಗೆ ಬೇಕಾದ ಅಂಕಿಯನ್ನು ಆ ಒಂದೇ ಪುಸ್ತಕದಿಂದ ತೆಗೆದುಕೊಳ್ಳಲಿ. ಜೊತೆಗೆ ಒಂದು ಕಲಮು ಇರಲಿ, ಗೊತ್ತು ಮಾಡಿದ್ದ ಹಳ್ಳಿಗೆ ಹೋಗಲಾಗಲಿಲ್ಲ, ಕಾರಣ ಇಂಥದ್ದು ಎಂಬುದಕ್ಕೆ. ವರ್ಷದ ಕೊನೆಗೆ ಈ ಕಲಮನ್ನು ಕೂಡಿಸಿ ನೋಡಿದರೆ, ಸಿಬ್ಬಂದಿ ಎಷ್ಟು ಕಡಿಮೆ ಇದೆ ಎಂಬುದಕ್ಕೆ ಯಾವ ಮನವಿ ಪತ್ರವೂ ಬೇಕಾಗುವುದಿಲ್ಲ. ನಮ್ಮಲ್ಲಿ ಮೈಗಳ್ಳರು ಯಾರು ಎಂಬುದೂ ಅದರಲ್ಲೇ ಕಾಣುತ್ತದೆ. ಇದ್ದಾರೆ, ಇಲ್ಲವೆನ್ನಲಾರೆ.

ಈಗ ಮೊಬೈಲಿನಲ್ಲಿ ಜಾಗದ ಗುರುತು ಸಮೇತ ಫೋಟೋ ಬಂದಿದೆಯಲ್ಲ, ಸುಳ್ಳು ಭೇಟಿ ಹೇಗೆ ಸಾಧ್ಯ ಎಂದು ಕೆಲವರು ಕೇಳುತ್ತಾರೆ. ಫೋಟೋ ಹೇಳುವುದು ನಾನು ಆ ಹೊಲದಲ್ಲಿ ನಿಂತಿದ್ದೆ ಎಂದು ಮಾತ್ರ. ಬಗ್ಗಿ ಸುಳಿ ಬಿಡಿಸಿ ನೋಡಿದೆನೋ ಇಲ್ಲವೋ ಎಂಬುದು ಆ ಹೊಲದ ರೈತನಿಗೆ ಮಾತ್ರ ಗೊತ್ತು. ಆದುದರಿಂದಲೇ ಪಂಚಾಂಗವನ್ನು ಕಚೇರಿಯ ಕಪಾಟಿನಲ್ಲಿ ಇಡದೆ, ಪಂಚಾಯಿತಿ ಕಟ್ಟೆ, ಹಾಲಿನ ಡೇರಿ, ಇಂತಹ ವಾಚನಾಲಯಗಳ ಗೋಡೆಗೆ ಹಚ್ಚಬೇಕು ಎನ್ನುತ್ತೇನೆ.

ರೈತ ಬಾಂಧವರಿಗೂ ಒಂದು ಮಾತು. ಭೇಟಿಯ ದಿನ ಗೊತ್ತಾದ ಮೇಲೆ ಆ ದಿನ ನಾಲ್ಕು ಜನವಾದರೂ ಹೊಲದ ಬದುವಿನ ಮೇಲೆ ಸಿಗಬೇಕು. ಸಹಾಯಧನದ ಅರ್ಜಿ ಏನಾಯಿತು ಎಂಬ ಪ್ರಶ್ನೆಯಲ್ಲೇ ಆ ಹೊತ್ತು ಕಳೆದರೆ ಬೆಳೆಯ ಮಾತಿಗೆ ವೇಳೆ ಉಳಿಯುವುದಿಲ್ಲ. ಅರ್ಜಿಯ ವಿಚಾರಕ್ಕೆ ಕಚೇರಿಯ ದಿನವಿರುತ್ತದೆ. ಮತ್ತೆ, ನಿಮ್ಮ ಊರಿನ ದಿನದಂದು ನಮ್ಮನ್ನು ಬೇರೆ ಕಾರ್ಯಕ್ರಮದ ವೇದಿಕೆಗೆ ಕರೆಯುವವರಲ್ಲಿ ಊರ ಮುಖಂಡರೂ ಇರುತ್ತಾರೆ. ಸನ್ಮಾನ, ಉದ್ಘಾಟನೆ ಎಂದು ಅರ್ಧ ದಿನ ಕುಳ್ಳಿರಿಸಿಕೊಳ್ಳುವುದನ್ನು ನೀವೇ ತಡೆಯಬೇಕು, ನಾವು ಬೇಡವೆಂದರೆ ಉದ್ಧಟತನವಾಗುತ್ತದೆ.

ಕಳೆದ ಮುಂಗಾರಿನಲ್ಲಿ ಇದನ್ನು ನನ್ನ ಮಟ್ಟಿಗೆ ನಾನೇ ಮಾಡಿ ನೋಡಿದೆ. ಆರು ಹಳ್ಳಿಗಳನ್ನು ಆರಿಸಿಕೊಂಡು, ಹತ್ತು ವಾರಕ್ಕೆ ಭೇಟಿಯ ದಿನಗಳನ್ನು ಕಾರ್ಡ್‌ಶೀಟಿನ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದು ಗೋಡೆಗೆ ಅಂಟಿಸಿದೆ. ಎಲ್ಲ ದಿನವೂ ಹೋಗಲಾಯಿತೆಂದರೆ ಸುಳ್ಳಾಗುತ್ತದೆ. ಮೂರನೆಯ ವಾರವೇ ಎರಡು ದಿನ ತಪ್ಪಿತು. ಆದರೆ ತಪ್ಪಿದ ದಿನದ ಎದುರು ಕೆಂಪು ಪೆನ್ನಿನಲ್ಲಿ ಕಾರಣ ಬರೆದೆ: ಸಭೆ. ಇನ್ನೊಂದು ಸಲ: ತುರ್ತು ಅಂಕಿ ಅಂಶ. ಒಂದು ಊರಿನಲ್ಲಿ ಆ ಕೆಂಪು ಅಕ್ಷರ ನೋಡಿ ಹುಡುಗರು ಫೋಟೋ ತೆಗೆದು ಮೊಬೈಲಿನಲ್ಲಿ ಹಂಚಿದರು, ಅದು ಎಲ್ಲೆಲ್ಲೋ ಹೋಗಿ ನನಗೆ ಒಂದು ಫೋನು ಬಂತು. ಆ ಮಾತು ಇಲ್ಲಿ ಬೇಡ. ಅದರ ಮುಂದಿನ ನಾಲ್ಕು ವಾರ ಆ ದಿನಗಳಂದು ನನಗೆ ಸಭೆಯ ಕರೆ ಬರಲಿಲ್ಲ ಎಂಬುದನ್ನಷ್ಟೇ ಹೇಳುತ್ತೇನೆ. ಒಂದು ಹಳ್ಳಿಯಲ್ಲಿ ಮಾತ್ರ ಯಾರೂ ಬದುವಿಗೆ ಬರಲಿಲ್ಲ, ಎರಡು ಸಲ ಹೋಗಿ ಒಬ್ಬನೇ ಗೋವಿನಜೋಳದ ಸಾಲಿನಲ್ಲಿ ನಡೆದು ಬಂದೆ. ಅಲ್ಲಿ ಏನು ತಪ್ಪಾಯಿತೆಂದು ನನಗಿನ್ನೂ ತಿಳಿದಿಲ್ಲ.

ಈ ವರ್ಷದ ಹಾಳೆಯನ್ನು ಮೊನ್ನೆ ಅದೇ ವಾಚನಾಲಯದ ಗೋಡೆಗೆ ಹಚ್ಚಲು ಹೋಗಿದ್ದೆ. ಹೋದ ವರ್ಷ ಪ್ರಶ್ನೆ ಕೇಳಿದ ಹಿರಿಯರು ಅಲ್ಲೇ ಇದ್ದರು. ಎದ್ದು ಬಂದು, ಕನ್ನಡಕ ಹಾಕಿಕೊಂಡು, ಆರಿದ್ರಾ ಮಳೆಯ ಸಾಲಿನ ಮೇಲೆ ಬೆರಳಾಡಿಸುತ್ತ ತಮ್ಮ ಊರಿನ ಹೆಸರು ಹುಡುಕಿದರು.

"ಗುರುವಾರ ನಮ್ಮ ಪಾಳಿ ಐತಿ," ಎಂದರು. "ಬರ್ರಿ, ನೋಡೋಣು."